ಮುಖ ನೋಡಿ ಮಣೆ ಹಾಕಿದ ಜೈಲು

1909ರ ಅಕ್ಟೋಬರ್. ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕ್ಯಾಸಲ್ ಊರಿನ ಜೈಲಿನಲ್ಲಿ ಉಪವಾಸ ಕೂತಿದ್ದ ಒಬ್ಬ ಹೆಂಗಸಿನ ಎದೆಯನ್ನು ವೈದ್ಯರು ಜೋಪಾನವಾಗಿ ಪರೀಕ್ಷಿಸಿದರು. ಹೃದಯ ದುರ್ಬಲವಾಗಿದೆ, ಬಲವಂತವಾಗಿ ಉಣಿಸಿದರೆ ಜೀವಕ್ಕೆ ಅಪಾಯ ಎಂದು ತೀರ್ಮಾನವಾಯಿತು. ಶಿಕ್ಷೆ ಮುಗಿಯುವ ಎಷ್ಟೋ ಮೊದಲೇ ಆಕೆಯನ್ನು ಮನೆಗೆ ಕಳಿಸಿದರು.

1910ರ ಜನವರಿ. ಲಿವರ್‌ಪೂಲಿನ ವಾಲ್ಟನ್ ಜೈಲು. ಅಲ್ಲಿಯೂ ಒಬ್ಬ ಹೆಂಗಸು ಊಟ ಬಿಟ್ಟಿದ್ದಳು. ಆಕೆಯ ಗಂಟಲಿಗೆ ರಬ್ಬರ್ ಕೊಳವೆ ಇಳಿಸುವ ಮೊದಲು ಯಾರೂ ನಾಡಿ ಕೂಡ ಹಿಡಿದು ನೋಡಲಿಲ್ಲ. ಕೆಲವು ಸಲ ಉಣಿಸಿಯಾದ ಮೇಲೆ ಕಿರಿಯ ವೈದ್ಯನೊಬ್ಬ ಎದೆಗೆ ಕಿವಿಗೊಟ್ಟು, ಭಲೇ ಗಟ್ಟಿ ಗುಂಡಿಗೆ, ಮುಂದುವರಿಸಬಹುದು ಎಂದ. ಮುಂದುವರಿಸಿದರು. ಒಟ್ಟು ಎಂಟು ಸಲ.

ಎರಡು ಕಡೆಯೂ ಇದ್ದದ್ದು ಒಬ್ಬಳೇ. ನ್ಯೂಕ್ಯಾಸಲ್‌ನಲ್ಲಿ ಆಕೆಯ ಹೆಸರು ಲೇಡಿ ಕಾನ್‌ಸ್ಟನ್ಸ್ ಲಿಟನ್, ಭಾರತದ ಮಾಜಿ ವೈಸರಾಯ್ ಮಗಳು. ವಾಲ್ಟನ್‌ನಲ್ಲಿ ಜೇನ್ ವಾರ್ಟನ್, ಹೊಲಿಗೆ ಕೆಲಸದವಳು.

ಇದನ್ನು ದೊಡ್ಡ ಮನೆಯ ಹೆಣ್ಣುಮಗಳ ತ್ಯಾಗದ ಕತೆಯಾಗಿ ಹೇಳುವುದು ರೂಢಿ. ತ್ಯಾಗ ಇತ್ತು, ಇಲ್ಲವೆನ್ನಲಾರೆ. ಆದರೆ ನನಗೆ ಇದು ಹೆಚ್ಚಾಗಿ ಒಂದು ಪ್ರಯೋಗದಂತೆ ಕಾಣುತ್ತದೆ. ದೇಹ ಅದೇ, ಕಾಯಿಲೆ ಅದೇ, ಅಪರಾಧವೂ ಹೆಚ್ಚುಕಡಿಮೆ ಅದೇ, ಉಪವಾಸವೂ ಅದೇ. ಬದಲಾದದ್ದು ಹೆಸರು, ಕೋಟು, ತಲೆಗೂದಲು. ಇಷ್ಟು ಬದಲಾದ ಮಾತ್ರಕ್ಕೆ ಸರ್ಕಾರಿ ವೈದ್ಯಕೀಯವೇ ಬದಲಾಗುತ್ತದೆಯೇ ಎಂಬುದು ಪ್ರಶ್ನೆ. ಉತ್ತರ ಸಿಕ್ಕಿತು. ಆ ಉತ್ತರವನ್ನು ಲೋಕ ನಂಬಿದ್ದು ಯಾಕೆ ಎಂಬುದರಲ್ಲಿ ಒಂದು ತೊಡಕೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮನೆತನ. ಕಾನ್‌ಸ್ಟನ್ಸ್ ಹುಟ್ಟಿದ್ದು 1869ರ ಫೆಬ್ರವರಿ 12ರಂದು, ವಿಯೆನ್ನಾದಲ್ಲಿ. ಅಪ್ಪ ರಾಬರ್ಟ್ ಲಿಟನ್ ಆಗ ರಾಜತಾಂತ್ರಿಕ ಹುದ್ದೆಯಲ್ಲಿದ್ದರು. ಅಜ್ಜ ಎಡ್ವರ್ಡ್ ಬುಲ್ವರ್ ಲಿಟನ್ ಅಂದಿನ ಕಾಲಕ್ಕೆ ಮನೆಮಾತಾಗಿದ್ದ ಕಾದಂಬರಿಕಾರ. ತಾಯಿ ಎಡಿತ್ ಮುಂದೆ ವಿಕ್ಟೋರಿಯಾ ರಾಣಿಯ ಆಪ್ತ ಪರಿವಾರಕ್ಕೆ ಸೇರಿದವರು. ಅಕ್ಕ ಬೆಟ್ಟಿ ಮದುವೆಯಾದದ್ದು ಜೆರಾಲ್ಡ್ ಬಾಲ್ಫರ್‌ನನ್ನು. ಆತನ ಅಣ್ಣ ಆರ್ಥರ್ 1902ರಿಂದ 1905ರವರೆಗೆ ಪ್ರಧಾನಿ. ತಂಗಿ ಎಮಿಲಿಯ ಗಂಡ ಎಡ್ವಿನ್ ಲುಟ್ಯೆನ್ಸ್, ಈಗ ರಾಷ್ಟ್ರಪತಿ ಭವನವಾಗಿರುವ ಕಟ್ಟಡದ ವಾಸ್ತುಶಿಲ್ಪಿ. ಹದಿಹರೆಯದ ಜಿಡ್ಡು ಕೃಷ್ಣಮೂರ್ತಿಯವರನ್ನು ಇಂಗ್ಲೆಂಡಿನಲ್ಲಿ ತಾಯಿಯಂತೆ ನೋಡಿಕೊಂಡವರು ಇದೇ ಎಮಿಲಿ. ಸಿಮ್ಲಾದಲ್ಲಿ ಹುಟ್ಟಿದ ತಮ್ಮ ವಿಕ್ಟರ್ ಅಪ್ಪನ ನಂತರ ಅರ್ಲ್ ಎಂಬ ಕುಲೀನ ಪದವಿಗೆ ಬಂದು, ಮುಂದೆ ಬಂಗಾಳದ ಗವರ್ನರ್ ಆದ. ಇಂಥ ಮನೆಯ ಮಗಳನ್ನು ಜೈಲಿಗೆ ಹಾಕಿದರೆ ಗೃಹ ಸಚಿವರ ಊಟದ ಮೇಜಿನವರೆಗೂ ಸುದ್ದಿ ಹೋಗುತ್ತಿತ್ತು.

ಕನ್ನಡದ ಓದುಗರಿಗೆ ರಾಬರ್ಟ್ ಲಿಟನ್ ಹೆಸರು ಬೇರೆ ಕಡೆಯಿಂದಲೂ ಗೊತ್ತಿರಬೇಕು. ಆತ ವೈಸರಾಯ್ ಆಗಿದ್ದದ್ದು 1876ರಿಂದ 1880ರವರೆಗೆ. ಹಳೇ ಮೈಸೂರಿನ ಹಳ್ಳಿಗಳು ತಲೆಮಾರುಗಳ ಕಾಲ ಮರೆಯದ ಧಾತು ಈಶ್ವರದ ಬರ ಬಿದ್ದದ್ದು ಆಗಲೇ. ಸುಮಾರು ಐವತ್ತು ಲಕ್ಷ ಜನರಿದ್ದ ಮೈಸೂರು ಸೀಮೆಯಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರೆಂದು ಅಂದಾಜು. 1877ರ ಜನವರಿ 1ರಂದು ದೆಹಲಿಯಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿಯೆಂದು ಸಾರುವ ದರ್ಬಾರು ನಡೆಯಿತು. ಅದೇ ತಿಂಗಳು, ಬರದ ಖರ್ಚು ಇಳಿಸಲೆಂದು ಲಿಟನ್ ಕಳಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮೇಲೆ ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಇಷ್ಟರಲ್ಲಿ ದುಡಿಯುವ ದೇಹ ಉಳಿಯದು ಎಂದು ಮದರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಜಗಳವಾಡಬೇಕಾಯಿತು.

ಕಾನ್‌ಸ್ಟನ್ಸ್‌ಗೆ ಆಗ ಏಳೆಂಟು ವರ್ಷ. ಅಪ್ಪನ ಪಾಪವನ್ನು ಮಗಳು ಉಪವಾಸ ಮಾಡಿ ತೀರಿಸಿದಳು ಎಂದು ಕತೆ ಕಟ್ಟಲು ನನಗೆ ಮನಸ್ಸಿಲ್ಲ, ಅದು ಹರಿಕತೆಯಾದೀತು. ಆದರೂ ಹಸಿವನ್ನು ಆಳುವವರು ಹೇಗೆ ಅಳೆಯುತ್ತಾರೆ ಎಂಬ ಪ್ರಶ್ನೆ ಈ ಮನೆಯಲ್ಲಿ ಎರಡು ಸಲ ಎದ್ದಿದೆ. ಒಮ್ಮೆ ಅಳತೆ ಹಾಕುವವರ ಕಡೆಯಿಂದ, ಒಮ್ಮೆ ಅಳತೆಗೆ ಸಿಕ್ಕವರ ಕಡೆಯಿಂದ. ಎರಡು ಸಲವೂ ಹೆಸರಿಲ್ಲದವರ ಹಸಿವಿಗೆ ಬೆಲೆ ಕಡಿಮೆ.

ಮೂವತ್ತೊಂಬತ್ತು ವರ್ಷದವರೆಗೆ ಕಾನ್‌ಸ್ಟನ್ಸ್ ಬದುಕಿನಲ್ಲಿ ಹೇಳಿಕೊಳ್ಳುವಂಥದು ಏನೂ ನಡೆಯಲಿಲ್ಲ. ಮೆಚ್ಚಿದವನ ಜೊತೆ ಮದುವೆ ಕೂಡಿಬರಲಿಲ್ಲ. ಎದೆಯ ಕಾಯಿಲೆ ಚಿಕ್ಕಂದಿನಿಂದ ಇತ್ತು. ಸಂಗೀತ ಬರುತ್ತಿತ್ತು, ಸಸ್ಯಾಹಾರಿ, ಸಂಕೋಚದ ಸ್ವಭಾವ. 1891ರಲ್ಲಿ ಅಪ್ಪ ತೀರಿಕೊಂಡ ಮೇಲೆ ತಾಯಿಯ ಜೊತೆ ಹರ್ಟ್‌ಫರ್ಡ್‌ಶೈರಿನ ನೆಬ್‌ವರ್ತ್ ಬಳಿ ವಾಸ, ಹೂದೋಟ, ಕಾಗದ ಪತ್ರ. ಮದುವೆಯಾಗದ ಮಗಳು ಅಂದರೆ ಮನೆಗೆಲ್ಲ ಊರುಗೋಲು. ಅದು ನಮ್ಮಲ್ಲಷ್ಟೇ ಇರುವ ಪದ್ಧತಿಯಲ್ಲ.

ಸಂಬಂಧಿಕ ಮುದುಕಿಯೊಬ್ಬಳಿಂದ ಸಾವಿರ ಪೌಂಡ್ ಬಂದಾಗ ಆಕೆ ಅದನ್ನು ಹಳ್ಳಿಗಾಡಿನ ಮಾರಿಸ್ ಕುಣಿತ ಉಳಿಸುವ ಕೆಲಸಕ್ಕೆ ಕೊಟ್ಟಳು. ಲಂಡನ್ನಿನ ದುಡಿಯುವ ಹುಡುಗಿಯರಿಗೆ ಆ ಕುಣಿತ ಕಲಿಸುತ್ತಿದ್ದ ಎಸ್ಪೆರೆನ್ಸ್ ಕ್ಲಬ್ ಮೂಲಕ 1908ರಲ್ಲಿ ಎಮ್ಮೆಲಿನ್ ಪೆಥಿಕ್ ಲಾರೆನ್ಸ್ ಮತ್ತು ಗಿರಣಿ ಕೆಲಸದಿಂದ ಬಂದ ಆನಿ ಕೆನ್ನಿಯ ಪರಿಚಯವಾಯಿತು. ಇಬ್ಬರೂ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಟ್ಟಿದ ಮಹಿಳಾ ಸಾಮಾಜಿಕ ಮತ್ತು ರಾಜಕೀಯ ಒಕ್ಕೂಟದವರು. ಓಟು ಕೇಳಿ ಸಭೆಗಳಿಗೆ ನುಗ್ಗುವ, ಜೈಲು ಸೇರುವ ಈ ಹೆಂಗಸರನ್ನು ಪತ್ರಿಕೆಗಳು ಸಫ್ರಾಜೆಟ್ ಎಂದು ಅಣಕಿಸುತ್ತಿದ್ದವು. ಕಾನ್‌ಸ್ಟನ್ಸ್‌ಗೂ ಮೊದಲು ಅವರ ದಾರಿ ಹಿಡಿಸಿರಲಿಲ್ಲ.

ಮನಸ್ಸು ತಿರುಗಿದ್ದರ ಬಗ್ಗೆ ಆಕೆ ಹೇಳಿಕೊಂಡಿರುವ ಘಟನೆ ವಿಚಿತ್ರವಾಗಿದೆ. ಲಿಟಲ್‌ಹ್ಯಾಂಪ್ಟನ್ ಎಂಬ ಕಡಲೂರಿನ ಬೀದಿಯಲ್ಲಿ ಕಸಾಯಿಖಾನೆಗೆ ಹೊಡೆದುಕೊಂಡು ಹೋಗುತ್ತಿದ್ದ ಒಂದು ಮುದಿ ಕುರಿ ತಪ್ಪಿಸಿಕೊಂಡಿತ್ತು. ಜನ ಸುತ್ತ ನಿಂತು ಅದರ ಅವಲಕ್ಷಣ ನೋಡಿ ನಗುತ್ತಿದ್ದರು. ಹಿಡಿದವನೊಬ್ಬ ಅದರ ಮುಖಕ್ಕೆ ಹೊಡೆದ. ಕಾನ್‌ಸ್ಟನ್ಸ್ ಮುಂದೆ ಹೋಗಿ, ಕೊಲ್ಲುವುದಕ್ಕೆ ಒಯ್ಯುತ್ತಿದ್ದೀಯ, ಜೊತೆಗೆ ಅವಮಾನವನ್ನೂ ಯಾಕೆ ಮಾಡುತ್ತೀಯ ಎಂಬರ್ಥದ ಮಾತಾಡಿದಳು. ಲೋಕದಲ್ಲಿ ಹೆಂಗಸಿನ ಪಾಡು ಏನೆಂಬುದು ಆ ಕುರಿಯನ್ನು ಕಂಡಾಗ ಹೊಳೆಯಿತು ಎಂದು ಆಕೆ ಬರೆದಿದ್ದಾಳೆ. ಆ ಪೆಟ್ಟನ್ನು ನೆನಪಿಟ್ಟುಕೊಳ್ಳಿ, ವಾಲ್ಟನ್ ಜೈಲಿನಲ್ಲಿ ಅದು ಮತ್ತೆ ಬರುತ್ತದೆ.

1909ರ ಫೆಬ್ರವರಿ 24ರಂದು ಸಂಸತ್ತಿಗೆ ಮನವಿ ಒಯ್ಯುವ ಹೆಂಗಸರ ಜೊತೆ ಹೊರಟು ಮೊದಲ ಸಲ ಬಂಧನವಾಯಿತು. ಹಾಲೊವೇ ಜೈಲಿನಲ್ಲಿ ಒಂದು ತಿಂಗಳ ಸಜೆ. ಮಣೆ ಹಾಕುವ ಕೆಲಸ ಶುರುವಾದದ್ದು ಇಲ್ಲಿಂದ. ಜೊತೆಗೆ ಬಂದವರು ಸಾಮಾನ್ಯ ಕೋಣೆಗಳಿಗೆ ಹೋದರೆ ಈಕೆಗೆ ಜೈಲಿನ ಆಸ್ಪತ್ರೆಯಲ್ಲಿ ಹಾಸಿಗೆ. ಕಾರಣ ಹೃದಯದ ಕಾಯಿಲೆ. ಕಾಯಿಲೆ ಸುಳ್ಳಲ್ಲ. ಆದರೆ ಕಾಯಿಲೆ ಇದ್ದ ಬಡ ಕೈದಿಗಳೆಲ್ಲ ಆಸ್ಪತ್ರೆಗೆ ಹೋಗುತ್ತಿರಲಿಲ್ಲ ಎಂಬುದು ಅವಳಿಗೆ ಕಾಣುತ್ತಿತ್ತು.

ನನ್ನನ್ನೂ ಅಲ್ಲಿಗೇ ಕಳಿಸಿ ಎಂದು ಕೇಳಿದಳು, ಕಳಿಸಲಿಲ್ಲ. ಆಗ ಸೂಜಿ ಮತ್ತು ಹ್ಯಾಟಿನ ಪಿನ್ನು ಹಿಡಿದು ‘ವೋಟ್ಸ್ ಫಾರ್ ವಿಮೆನ್’ ಎಂಬ ಘೋಷಣೆಯನ್ನು ತನ್ನ ಮೈಮೇಲೆ ಕೊರೆಯಲು ಕೂತಳು. ಎದೆಯಲ್ಲಿ ಶುರುವಾಗಿ ಕೆನ್ನೆಯಲ್ಲಿ ಮುಗಿಯಬೇಕು, ಬಿಡುಗಡೆಯಾಗಿ ಹೊರಬಂದಾಗ ಎಲ್ಲರಿಗೂ ಕಾಣಬೇಕು ಎಂಬುದು ಲೆಕ್ಕ. ಹೃದಯದ ಮೇಲೆ ಮೊದಲ ಅಕ್ಷರ ‘ವಿ’ ಮೂಡಿತು. ಅಷ್ಟಕ್ಕೆ ಅಧಿಕಾರಿಗಳು ಗಾಬರಿಯಾದರು, ಆಕೆಯನ್ನು ಉಳಿದವರ ಜೊತೆಗೆ ಕಳಿಸಿದರು. ಇದನ್ನು ಓದಿದಾಗ ನನಗೆ ಮೊದಲು ಅನ್ನಿಸಿದ್ದು ಮೆಚ್ಚುಗೆಯಲ್ಲ, ಕಸಿವಿಸಿ. ಸಮಾನತೆ ಕೇಳಲು ಒಬ್ಬಳು ತನ್ನ ಎದೆ ಕೊರೆದುಕೊಳ್ಳಬೇಕು. ಆ ಬೇಡಿಕೆಯೂ ಈಡೇರುವುದು ಆ ಎದೆ ಅರ್ಲ್ ಮಗಳದ್ದಾದ ಕಾರಣಕ್ಕೆ.

ಆ ವರ್ಷದ ಜುಲೈಯಲ್ಲಿ ಚಿತ್ರಕಲಾವಿದೆ ಮ್ಯಾರಿಯನ್ ವ್ಯಾಲೇಸ್ ಡನ್‌ಲಪ್ ಜೈಲಿನಲ್ಲಿ ಊಟ ಬಿಟ್ಟಳು. ಬ್ರಿಟಿಷ್ ಜೈಲುಗಳಲ್ಲಿ ಮೂರು ದರ್ಜೆಗಳಿದ್ದವು, ಮೊದಲನೆಯದು ರಾಜಕೀಯ ಕೈದಿಗಳಿಗೆ. ತನ್ನನ್ನು ಆ ದರ್ಜೆಗೆ ಸೇರಿಸಬೇಕೆಂಬುದು ಅವಳ ಬೇಡಿಕೆ. 91 ಗಂಟೆಗಳ ಬಳಿಕ ಸರ್ಕಾರ ಆಕೆಯನ್ನು ಬಿಟ್ಟುಬಿಟ್ಟಿತು. ಉಳಿದವರೂ ಅದೇ ದಾರಿ ಹಿಡಿದರು. ಸೆಪ್ಟೆಂಬರಿನಲ್ಲಿ ಬರ್ಮಿಂಗ್‌ಹ್ಯಾಮಿನ ವಿನ್ಸನ್ ಗ್ರೀನ್ ಜೈಲಿನಲ್ಲಿ ಸರ್ಕಾರ ಹೊಸ ಉಪಾಯ ತೆಗೆಯಿತು: ಕೈಕಾಲು ಅದುಮಿ ಹಿಡಿದು, ಮೂಗು ಅಥವಾ ಬಾಯಿಯ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ, ದ್ರವಾಹಾರ ಸುರಿಯುವುದು. ಸಂಸತ್ತಿನಲ್ಲಿ ಇದಕ್ಕೆ ಆಸ್ಪತ್ರೆಯ ಚಿಕಿತ್ಸೆ ಎಂಬ ನಾಜೂಕಿನ ಹೆಸರು ಕೊಟ್ಟರು.

ಹೀಗೆ ಬರುತ್ತೇವೆ ನ್ಯೂಕ್ಯಾಸಲ್‌ಗೆ. ಅಕ್ಟೋಬರಿನಲ್ಲಿ ಹಣಕಾಸು ಸಚಿವ ಲಾಯ್ಡ್ ಜಾರ್ಜ್ ಆ ಊರಿಗೆ ಭಾಷಣಕ್ಕೆ ಬಂದಾಗ ಕಾನ್‌ಸ್ಟನ್ಸ್ ಕಾಗದ ಸುತ್ತಿದ ಕಲ್ಲೊಂದನ್ನು ಕಾರಿಗೆ ಎಸೆದಳು, ಯಾರಿಗೂ ತಾಗದಂತೆ ಕೆಳಕ್ಕೆ ಗುರಿಯಿಟ್ಟು. ಕಾರಿನಲ್ಲಿ ಸಚಿವರೇ ಇರಲಿಲ್ಲ. ಪತ್ರಕರ್ತ ಬ್ರೇಲ್ಸ್‌ಫರ್ಡ್ ಅವರ ಪತ್ನಿ ಜೇನ್, ಸೇವಂತಿಗೆಯ ಗುಚ್ಛದೊಳಗೆ ಬಚ್ಚಿಟ್ಟು ತಂದ ಕೊಡಲಿಯಿಂದ ಪೊಲೀಸರ ಬೇಲಿಗೆ ಹೊಡೆದಳು. ಇನ್ನೂ ಹಲವರು ಕಿಟಕಿ ಒಡೆದರು. ಎಲ್ಲರೂ ಜೈಲಿಗೆ, ಎಲ್ಲರೂ ಉಪವಾಸ. ವೈಸರಾಯ್ ಮಗಳನ್ನೂ ಹೆಸರಾಂತ ಪತ್ರಕರ್ತನ ಹೆಂಡತಿಯನ್ನೂ ಎದೆ ಪರೀಕ್ಷಿಸಿ ಬೇಗನೆ ಬಿಟ್ಟರು. ನಾಟಕದ ನಟಿ ಕಿಟ್ಟಿ ಮ್ಯಾರಿಯನ್‌ನಂಥವರಿಗೆ ಕೊಳವೆ ಹಾಕಿದರು.

ಇಷ್ಟು ಹೊತ್ತಿಗೆ ಕಾನ್‌ಸ್ಟನ್ಸ್‌ಗೆ ಪಂಕ್ತಿಭೇದ ಸ್ಪಷ್ಟವಾಗಿತ್ತು. ಆದರೆ ಸ್ಪಷ್ಟವಾಗುವುದು ಬೇರೆ, ಸಾಬೀತಾಗುವುದು ಬೇರೆ. ಈಕೆಯ ಹೃದಯ ನಿಜವಾಗಿಯೂ ದುರ್ಬಲ, ಬೇರೆಯವರದು ಗಟ್ಟಿ, ನಾವು ಅಂತಸ್ತು ನೋಡಲಿಲ್ಲ, ಆರೋಗ್ಯ ನೋಡಿದೆವು ಎಂದು ಸರ್ಕಾರ ಹೇಳಬಹುದಿತ್ತು. ಆ ಮಾತನ್ನು ಸುಳ್ಳು ಮಾಡಬೇಕಾದರೆ ದುರ್ಬಲ ಹೃದಯದ ಬಡವಳೊಬ್ಬಳು ಬೇಕು, ಆ ಹೃದಯ ದುರ್ಬಲವೆಂದು ಸರ್ಕಾರಿ ವೈದ್ಯರೇ ಮೊದಲು ಒಪ್ಪಿರಬೇಕು. ಇಡೀ ಇಂಗ್ಲೆಂಡಿನಲ್ಲಿ ಆ ಪಾತ್ರಕ್ಕೆ ಹೊಂದುವವಳು ಅವಳೊಬ್ಬಳೇ.

ಕೊನೆಯ ತಳ್ಳು ಕೊಟ್ಟದ್ದು ವಾಲ್ಟನ್ ಜೈಲಿನ ಸುದ್ದಿ. 1909ರ ಡಿಸೆಂಬರಿನಲ್ಲಿ ಸೆಲಿನಾ ಮಾರ್ಟಿನ್ ಮತ್ತು ಲೆಸ್ಲಿ ಹಾಲ್ ಲಿವರ್‌ಪೂಲಿನಲ್ಲಿ ಪ್ರಧಾನಿ ಆಸ್ಕ್ವಿತ್ ಅವರ ಕಾರಿಗೆ ಖಾಲಿ ಬಾಟಲಿ ಎಸೆದ ಆರೋಪದ ಮೇಲೆ ಸಿಕ್ಕಿಬಿದ್ದಿದ್ದರು. ಜಾಮೀನು ಕೊಡಲಿಲ್ಲ. ವಿಚಾರಣೆಯೇ ಆಗದ, ಅಂದರೆ ಕಾನೂನಿನ ಕಣ್ಣಿನಲ್ಲಿ ಇನ್ನೂ ನಿರಪರಾಧಿಯಾಗಿದ್ದ ಸೆಲಿನಾ ಮಾರ್ಟಿನ್‌ಗೆ ಒತ್ತಾಯದಿಂದ ಉಣಿಸಿದರು, ತಲೆ ಕೆಳಗಾಗಿ ಎಳೆದಾಡಿದರು. ಅವಳ ಹೇಳಿಕೆ ಹೊರಬಂತು, ಆದರೆ ಅಲುಗಾಡಿದ್ದು ಏನೂ ಇಲ್ಲ. ಆ ದಿನಗಳಲ್ಲಿ ಮ್ಯಾಂಚೆಸ್ಟರಿನಲ್ಲಿ ಕಾಯಿಲೆ ಮಲಗಿದ್ದ ಸಂಗಾತಿ ಮೇರಿ ಗಾಥಾರ್ಪ್ ಕಾನ್‌ಸ್ಟನ್ಸ್‌ಳನ್ನು ತಬ್ಬಿಕೊಂಡು ಅತ್ತಳು: ಇವರು ಯಾರಿಗೂ ಗೊತ್ತಿಲ್ಲದ ಹೆಂಗಸರು, ಇವರ ಗೆಳತಿಯರನ್ನು ಬಿಟ್ಟರೆ ಕೇಳುವವರಿಲ್ಲ, ಸಾಯುವವರೆಗೂ ಹೀಗೇ ಮತ್ತೆ ಮತ್ತೆ ಜೈಲಿಗೆ ಹೋಗುತ್ತಾರೆ ಎಂದು. ಅಲ್ಲಿಗೆ ಕಾನ್‌ಸ್ಟನ್ಸ್ ನಿರ್ಧಾರ ಗಟ್ಟಿಯಾಯಿತು.

ವೇಷದ ತಯಾರಿಯಲ್ಲಿ ಒಂದು ತುಂಟತನವಿದೆ. ನೋಡಲು ಚೆನ್ನಾಗಿಲ್ಲದ ಕೈದಿಗೆ ಜೈಲಿನಲ್ಲಿ ಕರುಣೆಯೂ ಕಡಿಮೆ ಸಿಗುತ್ತದೆ ಎಂದು ಆಕೆ ಗಮನಿಸಿದ್ದಳು. ಹಾಗಾಗಿ ಬಡವಳಾದರೆ ಸಾಲದು, ಕುರೂಪಿಯೂ ಆಗಬೇಕು. ಮ್ಯಾಂಚೆಸ್ಟರಿನ ಅಂಗಡಿಗಳಲ್ಲಿ ಎಂಟೂವರೆ ಶಿಲಿಂಗಿಗೆ ಹಸಿರು ಉದ್ದ ಕೋಟು, ತಲೆಗೆ ಸರಿಹೋಗದ ಟ್ವೀಡ್ ಹ್ಯಾಟು, ಉಣ್ಣೆಯ ಕೈಗವಸು, ಮೂಗಿಗೆ ಸಿಕ್ಕಿಸುವ ಕನ್ನಡಕ ಕೊಂಡಳು. ಕೂದಲು ಕತ್ತರಿಸಿಕೊಂಡು ಹಳೇ ಕಾಲದವರಂತೆ ಎರಡು ಕಡೆಗೆ ಒತ್ತಿ ಬಾಚಿದಳು. ಬಣ್ಣ ತೆಗೆದುಕೊಡಲು ಕ್ಷೌರದವನು ಸುತರಾಂ ಒಪ್ಪಲಿಲ್ಲ. ಒಳಬಟ್ಟೆಗಳಲ್ಲಿದ್ದ ತನ್ನ ಹೆಸರಿನ ಅಕ್ಷರಗಳನ್ನು ಬಿಚ್ಚಿದಳು. ಹೆಸರು ಹುಡುಕುವಾಗ ಜೋನ್ ಆಫ್ ಆರ್ಕ್‌ಳ ನೆನಪಿಗೆ ಜೇನ್ ಎಂದಾಯಿತು. ವಾರ್ಬರ್ಟನ್ ಎಂಬ ಪರಿಚಿತರ ಹೆಸರಿನ ನಡು ಕತ್ತರಿಸಿ ವಾರ್ಟನ್ ಮಾಡಿದಳು. ಬೀದಿಗಿಳಿದಾಗ ಹುಡುಗರು ನೋಡಿ ನಕ್ಕರು. ವೇಷ ಗೆದ್ದಿತು.

ಇನ್ನೊಂದು ಸಣ್ಣ ಸಂಗತಿ ನನಗೆ ಬಹಳ ಹಿಡಿಸಿದ್ದು. ಅಷ್ಟು ಹೊತ್ತಿಗೆ ಒಕ್ಕೂಟದಲ್ಲಿ ಹೆಸರಾಗಿದ್ದ ಆಕೆ, ಜೇನ್ ವಾರ್ಟನ್ ಹೆಸರಿನಲ್ಲಿ ಮತ್ತೆ ಹೊಸದಾಗಿ ಸದಸ್ಯತ್ವದ ಚೀಟಿ ತುಂಬಿದಳು. ಒಂದು ಹೋರಾಟಕ್ಕೆ ಎರಡು ಸಲ ಸೇರಿದವರು ಹೆಚ್ಚಿಲ್ಲ.

ಜನವರಿ 14, ಶುಕ್ರವಾರ ರಾತ್ರಿ. ವಾಲ್ಟನ್ ಜೈಲಿನ ಎದುರು ಸಭೆ. ಬಲವಂತದ ಉಣಿಸುವಿಕೆಯನ್ನು ಖಂಡಿಸಿ ಮಾತಾಡಿದ ಜೇನ್ ವಾರ್ಟನ್, ಜನರನ್ನು ಜೈಲಿನ ಮೇಲಧಿಕಾರಿಯ ಮನೆ ಕಡೆಗೆ ಕರೆದು ತಾನೇ ಮುಂದೆ ಓಡಿದಳು. ಪೊಲೀಸರು ಹಿಡಿಯದಿದ್ದರೆ ಎಂಬ ಭಯಕ್ಕೆ ಕಿಸೆಯ ಕಲ್ಲುಗಳನ್ನು ಬೇಲಿಯಾಚೆ ಉದುರಿಸಿದಳು. ಹಿಡಿದರು. ಅವಳು ಒಬ್ಬಂಟಿಯಾಗಬಾರದೆಂದು ಒಕ್ಕೂಟದ ಸಂಗಾತಿ ಎಲ್ಸಿ ಹೌಯಿ ಕೂಡ ಕಿಟಕಿಯ ಗಾಜು ಒಡೆದು ಜೊತೆಗೆ ಬಂದಳು. ಜೇನ್‌ಗೆ ಮೂರನೆಯ ದರ್ಜೆಯಲ್ಲಿ 14 ದಿನ, ದಂಡ ಕಟ್ಟಿದರೆ ಬಿಡುಗಡೆ. ಕಟ್ಟಲಿಲ್ಲ.

ಮಂಗಳವಾರ ಸಂಜೆ, ಊಟ ಬಿಟ್ಟ ನಾಲ್ಕನೆಯ ದಿನ, ಹಿರಿಯ ವೈದ್ಯ ಕಾವಲಿನ ಹೆಂಗಸರೊಡನೆ ಬಂದ. ಒಬ್ಬಳು ತಲೆ ಹಿಡಿದಳು, ಒಬ್ಬಳು ಕಾಲು, ಉಳಿದವರು ಕೈ. ಬಾಯಿ ತೆರೆಸಲು ಮರದ ಅಡ್ಡಿ ಬೇಕೋ ಉಕ್ಕಿನದು ಬೇಕೋ, ಉಕ್ಕಿನದು ನೋಯುತ್ತದೆ ಎಂದು ಕೇಳಿದ. ಆಕೆ ಹಲ್ಲು ಕಚ್ಚಿ ಸುಮ್ಮನಿದ್ದಳು. ಉಕ್ಕಿನದನ್ನೇ ಹಾಕಿ, ದವಡೆ ಸಹಜವಾಗಿ ತೆರೆಯುವುದಕ್ಕಿಂತ ಎಷ್ಟೋ ಅಗಲಕ್ಕೆ ತಿರುಪಿದ. ನಾಲ್ಕು ಅಡಿಯಷ್ಟು ಉದ್ದದ ದಪ್ಪ ಕೊಳವೆ ಗಂಟಲಿಗಿಳಿಯಿತು. ಉಸಿರು ಕಟ್ಟಿತು. ಸುರಿದದ್ದೆಲ್ಲ ಕೂಡಲೇ ವಾಂತಿಯಾಗಿ ಅವಳ ಮೇಲೆ, ಹಿಡಿದವರ ಮೇಲೆ, ಗೋಡೆಯ ಮೇಲೆ ಬಿತ್ತು. ಹೊರಡುವಾಗ ವೈದ್ಯ ಅವಳ ಕೆನ್ನೆಗೆ ಒಂದು ಏಟು ಹಾಕಿದ. ಜೋರಾಗಿ ಹೊಡೆಯಲಿಲ್ಲ, ತಿರಸ್ಕಾರ ತೋರಿಸುವಂತೆ ಹೊಡೆದ ಎಂದು ಆಕೆ ಬರೆಯುತ್ತಾಳೆ. ಕುರಿಯ ಮುಖಕ್ಕೆ ಬಿದ್ದಂಥದ್ದೇ.

ತೊಯ್ದ ಬಟ್ಟೆಯಲ್ಲೇ ಆ ರಾತ್ರಿ ಕಳೆಯಬೇಕಾಯಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಅದೇ ಸದ್ದು ಕೇಳಿಸಿತು, ಎಲ್ಸಿಗೂ ಉಣಿಸುತ್ತಿದ್ದರು. ಸದ್ದಡಗಿದ ಮೇಲೆ ಇವಳು ಗೋಡೆ ತಟ್ಟಿ ‘ನೋ ಸರೆಂಡರ್’ ಎಂದು ಕೂಗಿದಳು, ಆ ಕಡೆಯಿಂದಲೂ ಅದೇ ಕೂಗು ಬಂತು.

ಈ ಎಂಟು ಸಲಗಳ ವಿವರ ಓದುವಾಗ ವೈದ್ಯನನ್ನು ರಾಕ್ಷಸನೆಂದುಕೊಂಡರೆ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. ಆತ ರಾಕ್ಷಸನಾಗಿರಬೇಕಿಲ್ಲ. ನ್ಯೂಕ್ಯಾಸಲ್‌ನಲ್ಲಿ ವೈದ್ಯರು ಅಷ್ಟು ಎಚ್ಚರದಿಂದ ಎದೆ ಪರೀಕ್ಷಿಸಿದ್ದರ ಹಿಂದೆ ವೈದ್ಯಕೀಯ ಕಾಳಜಿಗಿಂತ, ಈಕೆ ಸತ್ತರೆ ನಾಳೆ ಯಾರು ಏನು ಕೇಳುತ್ತಾರೆ ಎಂಬ ಅಳುಕು ಇತ್ತು. ವಾಲ್ಟನ್‌ನಲ್ಲಿ ಆ ಅಳುಕು ಇರಲಿಲ್ಲ. ಜೇನ್ ವಾರ್ಟನ್ ಸತ್ತರೆ ಪತ್ರಿಕೆಗೆ ಬರೆಯುವ ತಮ್ಮ ಯಾರೂ ಇರಲಿಲ್ಲ. ಕೇಳುವವರಿಲ್ಲದ ಎದೆಯಲ್ಲಿ ಕಾಯಿಲೆ ಕಿವಿಗೆ ಬೀಳುವುದಿಲ್ಲ. ಕಿರಿಯ ವೈದ್ಯ ಬೇಕೆಂದೇ ಸುಳ್ಳು ಹೇಳಿದ ಎಂದು ನಾನು ಅಂದುಕೊಂಡಿಲ್ಲ. ಏನು ಕೇಳಿಸಬೇಕೆಂದು ಕಾಯುತ್ತಿದ್ದನೋ ಅದು ಕೇಳಿಸಿತು.

ಗುಟ್ಟು ಹೆಚ್ಚು ದಿನ ನಿಲ್ಲಲಿಲ್ಲ. ಈ ಕೈದಿ ಬೇರೆ ಯಾರೋ ಇರಬೇಕು ಎಂಬ ಅನುಮಾನ ಅಧಿಕಾರಿಗಳಲ್ಲೂ ಪತ್ರಿಕೆಯವರಲ್ಲೂ ಹುಟ್ಟಿತು, ಸುದ್ದಿ ಮನೆಯವರನ್ನು ಮುಟ್ಟಿತು. ಎಮಿಲಿ ರೈಲು ಹತ್ತಿ ಬಂದಳು. ಜನವರಿ 23, ಭಾನುವಾರ ಬೆಳಗ್ಗೆ ಜೇನ್ ವಾರ್ಟನ್ ಬಾಗಿಲು ದಾಟಿ ಮತ್ತೆ ಲೇಡಿ ಕಾನ್‌ಸ್ಟನ್ಸ್ ಆದಳು. ಎಲ್ಸಿ ಹೌಯಿ ಒಳಗೇ ಉಳಿದಳು.

ಎಂಟು ದಿನಗಳ ಬಳಿಕ, ಜನವರಿ 31ರಂದು, ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಆಕೆ ನಡೆದದ್ದನ್ನೆಲ್ಲ ಹೇಳಿದಳು. ವಿಕ್ಟರ್ ಲಿಟನ್ ಗೃಹ ಇಲಾಖೆಯಿಂದ ತನಿಖೆ ಕೇಳಿದ, ದಿ ಟೈಮ್ಸ್ ಪತ್ರಿಕೆಗೆ ಬರೆದ. ಇಲಾಖೆ ಆರೋಪಗಳಿಗೆ ಬುಡವಿಲ್ಲ ಎಂದಿತು. ವೈದ್ಯರೊಂದಿಗೆ ಆಕೆಯೇ ಸಹಕರಿಸಲಿಲ್ಲ, ಬಿಡುಗಡೆಗೆ ಕಾರಣ ಆಕೆ ಯಾರೆಂಬುದಲ್ಲ, ನಿತ್ರಾಣವಾದದ್ದು ಎಂಬ ಸಮಜಾಯಿಷಿ ಬಂತು. ಬಹಿರಂಗ ತನಿಖೆ ನಡೆಯಲೇ ಇಲ್ಲ. ಸರ್ಕಾರ ತಪ್ಪೊಪ್ಪಿಕೊಂಡಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೆ ಫೆಬ್ರವರಿಯಲ್ಲಿ ಹರ್ಬರ್ಟ್ ಗ್ಲಾಡ್‌ಸ್ಟನ್ ಜಾಗಕ್ಕೆ ಗೃಹ ಸಚಿವನಾಗಿ ಬಂದ ವಿನ್ಸ್‌ಟನ್ ಚರ್ಚಿಲ್, ಮಾರ್ಚ್‌ನಲ್ಲಿ 243ಎ ಎಂಬ ಹೊಸ ಜೈಲು ನಿಯಮ ತಂದ. ಸ್ವಂತ ಬಟ್ಟೆ ತೊಡಬಹುದು, ಜೊತೆಯವರೊಂದಿಗೆ ಮಾತಾಡಬಹುದು ಎಂಬಂಥ ಸಡಿಲಿಕೆಗಳು. ರಾಜಕೀಯ ಕೈದಿ ಎಂಬ ಮಾತನ್ನು ಮಾತ್ರ ಎಲ್ಲೂ ಹಾಕಲಿಲ್ಲ. ವಿಕ್ಟರ್ ಅಧ್ಯಕ್ಷನಾಗಿ, ಬ್ರೇಲ್ಸ್‌ಫರ್ಡ್ ಕಾರ್ಯದರ್ಶಿಯಾಗಿ ಎಲ್ಲ ಪಕ್ಷಗಳ ಸಂಸದರ ರಾಜಿ ಸಮಿತಿ ಹುಟ್ಟಿತು. ಹೆಂಗಸರಿಗೆ ಓಟು ಕೊಡಲು ಅವರು ತಂದ ಮಸೂದೆ 1910ರ ಜುಲೈಯಲ್ಲಿ ಎರಡನೆಯ ಓದಿನಲ್ಲಿ 299ಕ್ಕೆ 189ರಂತೆ ಗೆದ್ದರೂ ಆಸ್ಕ್ವಿತ್ ಸರ್ಕಾರ ಮುಂದೆ ಸಾಗಗೊಡಲಿಲ್ಲ.

ಈಗ ಆ ತೊಡಕಿಗೆ ಬರುತ್ತೇನೆ. ಜೇನ್ ವಾರ್ಟನ್ ಅನುಭವಿಸಿದ್ದು ಸೆಲಿನಾ ಮಾರ್ಟಿನ್ ಅನುಭವಿಸಿದ್ದಕ್ಕಿಂತ ಹೆಚ್ಚೇನಲ್ಲ. ಸೆಲಿನಾಳದು ಇನ್ನೂ ಘೋರ. ಆದರೂ ಕ್ವೀನ್ಸ್ ಹಾಲ್ ಕಿವಿಗೊಟ್ಟದ್ದು, ಟೈಮ್ಸ್ ಅಚ್ಚು ಹಾಕಿದ್ದು, ಸಚಿವರು ಉತ್ತರ ಕೊಟ್ಟದ್ದು ಕಾನ್‌ಸ್ಟನ್ಸ್‌ಗೆ. ಹೆಸರಿಲ್ಲದವರ ಮಾತಿಗೆ ಬೆಲೆಯಿಲ್ಲ ಎಂದು ತೋರಿಸಲು ಹೊರಟವಳ ಮಾತಿಗೆ ಬೆಲೆ ಬಂದದ್ದು ಹೆಸರಿನಿಂದಲೇ. ಜೇನ್ ವಾರ್ಟನ್ ಕೊನೆಯವರೆಗೂ ಜೇನ್ ವಾರ್ಟನ್ ಆಗಿಯೇ ಉಳಿದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ವಾಲ್ಟನ್ ದಾಖಲೆಯಲ್ಲಿ ಗಟ್ಟಿ ಗುಂಡಿಗೆಯ ಹೊಲಿಗೆಯವಳೊಬ್ಬಳು ಇರುತ್ತಿದ್ದಳು, ಅಷ್ಟೇ. ಕಾನ್‌ಸ್ಟನ್ಸ್‌ಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತೆಂದೇ ನನ್ನ ಎಣಿಕೆ. ಹೆಸರನ್ನು ಬಿಸಾಡುವ ಉದ್ದೇಶ ಅವಳಿಗಿರಲಿಲ್ಲ. ಬಾಗಿಲ ಹೊರಗೆ ಕಳಚಿಟ್ಟು ಹೋಗಿ, ವಾಪಸು ಬಂದು ಅದೇ ಹೆಸರಿನಿಂದ ಸಾಕ್ಷಿ ಹೇಳುವುದು ಉದ್ದೇಶವಾಗಿತ್ತು. ಅದನ್ನು ಆಷಾಢಭೂತಿತನ ಎನ್ನುವವರಿದ್ದಾರೆ. ನಾನು ಎನ್ನಲಾರೆ. ಕೊಳವೆ ಇಳಿದದ್ದು ವೇಷದ ಗಂಟಲಿಗಲ್ಲವಲ್ಲ.

ದೇಹ ಬೆಲೆ ತೆತ್ತಿತು. ಆ ವರ್ಷ ಜೂನ್‌ನಿಂದ ಒಕ್ಕೂಟ ಆಕೆಯನ್ನು ವಾರಕ್ಕೆ ಎರಡು ಪೌಂಡ್ ಸಂಬಳದ ಸಂಘಟಕಿಯಾಗಿ ನೇಮಿಸಿತು. ಆದರೆ ಆರೋಗ್ಯ ಕುಸಿಯುತ್ತಾ ಹೋಯಿತು. 1911ರ ನವೆಂಬರಿನಲ್ಲಿ ಲಂಡನ್ನಿನ ವಿಕ್ಟೋರಿಯಾ ಸ್ಟ್ರೀಟಿನ ಅಂಚೆ ಕಚೇರಿಯ ಕಿಟಕಿ ಒಡೆದು ಮತ್ತೆ ಹಾಲೊವೇ ಸೇರಿದಳು. ಯಾರೋ ದಂಡ ಕಟ್ಟಿ ಬಿಡಿಸಿದರು. 1912ರ ಮೇಯಲ್ಲಿ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಮತ್ತೆ ತಾಯಿಯ ಮನೆ, ತಾಯಿಯ ಆರೈಕೆ. ಮಗಳ ದಾರಿಯನ್ನು ಎಂದೂ ಒಪ್ಪದ, ಮಗಳನ್ನು ಎಂದೂ ಬಿಡದ ಆ ತಾಯಿಯ ಬಗ್ಗೆ ಯಾರಾದರೂ ಬೇರೆಯೇ ಬರೆಯಬೇಕು.

ಎಡಗೈಯಲ್ಲಿ ಬರೆಯುವುದನ್ನು ರೂಢಿಸಿಕೊಂಡು ಆಕೆ ಜೈಲಿನ ಅನುಭವಗಳ ಪುಸ್ತಕ ಮುಗಿಸಿದಳು. ‘ಪ್ರಿಸನ್ಸ್ ಆಂಡ್ ಪ್ರಿಸನರ್ಸ್’ 1914ರಲ್ಲಿ ಅಚ್ಚಾಯಿತು. ಮುಖಪುಟದಲ್ಲಿ ಲೇಖಕಿಯರು ಇಬ್ಬರು: ಕಾನ್‌ಸ್ಟನ್ಸ್ ಲಿಟನ್ ಮತ್ತು ಜೇನ್ ವಾರ್ಟನ್. ಜೇನ್ ಹೆಸರಿನ ಮುಂದೆ ‘ಸ್ಪಿನ್‌ಸ್ಟರ್’ ಎಂದಿದೆ. ಮದುವೆಯಾಗದವಳು ಎಂಬುದು ಈಗಿನ ಅರ್ಥ, ನೂಲುವವಳು ಎಂಬುದು ಹಳೆಯದು. ಹೊಲಿಗೆಯವಳಿಗೂ ಅರ್ಲ್ ಮಗಳಿಗೂ ಒಟ್ಟಿಗೇ ಒಪ್ಪುವ ಪದ.

1918ರ ಕಾನೂನು ಸುಮಾರು 84 ಲಕ್ಷ ಹೆಂಗಸರಿಗೆ ಓಟು ಕೊಟ್ಟಿತು. ಮೂವತ್ತು ತುಂಬಿರಬೇಕು, ಸ್ವಂತದ್ದೋ ಬಾಡಿಗೆಯದ್ದೋ ಒಂದು ಮನೆಯೋ ಜಮೀನೋ ಹೆಸರಿನಲ್ಲಿರಬೇಕು, ಇಲ್ಲವೇ ಅಂಥ ಗಂಡನಿರಬೇಕು, ಇಲ್ಲವೇ ವಿಶ್ವವಿದ್ಯಾಲಯದ ಪದವಿ ಇರಬೇಕು ಎಂಬ ಷರತ್ತುಗಳೊಂದಿಗೆ. 1923ರ ಮೇ 2ರಂದು ಕಾನ್‌ಸ್ಟನ್ಸ್ ಲಂಡನ್ನಿನಲ್ಲಿ ತೀರಿಕೊಂಡಳು, 54 ವರ್ಷ. ಹೋರಾಟದ ನೇರಳೆ, ಬಿಳಿ, ಹಸಿರು ಬಣ್ಣಗಳನ್ನು ಶವಪೆಟ್ಟಿಗೆಯ ಮೇಲಿಟ್ಟು ನೆಬ್‌ವರ್ತ್‌ನ ಮನೆತನದ ಸಮಾಧಿಗೆ ಒಯ್ದರು. ಸಾಮಾನು ಸಮೇತ ಬಾಡಿಗೆಗೆ ಸಿಗುವ ಒಂಟಿ ಕೋಣೆಯಲ್ಲಿ ದಿನ ದೂಡುವ, ಗಂಡನಿಲ್ಲದ, ಪದವಿಯಿಲ್ಲದ ಹೊಲಿಗೆಯವಳಿಗೆ ಆಗಲೂ ಓಟು ಇರಲಿಲ್ಲ. ಅವಳ ಹೆಸರು ಮತದಾರರ ಪಟ್ಟಿಗೆ ಹತ್ತಲು 1928ರ ಕಾನೂನು ಬರಬೇಕಾಯಿತು.